ಗುತ್ತಿಗೆಗೆ ಕೊಟ್ಟ ಮೇಲೆ

‘ಅದನ್ನು ಗುತ್ತಿಗೆಗೆ ಕೊಟ್ಟುಬಿಟ್ಟಿದ್ದೇವೆ’ ಎಂದು ಹೇಳುವವರ ಮುಖವನ್ನು ನೀವು ಗಮನಿಸಿರಬಹುದು. ಮದುವೆಯ ಅಡಿಗೆಯಿರಲಿ, ಮನೆಯ ಸುಣ್ಣಬಣ್ಣವಿರಲಿ, ಬಾವಿಯ ಹೂಳೆತ್ತುವುದಿರಲಿ, ಆ ಮಾತು ಬಾಯಿಂದ ಹೊರಟ ಕೂಡಲೇ ದೊಡ್ಡದೊಂದು ಮೂಟೆಯನ್ನು ಕೆಳಗಿಳಿಸಿದ ನೆಮ್ಮದಿ ಮುಖದ ಮೇಲೆ ಮೂಡುತ್ತದೆ. ಕೆಲಸದ ದಣಿವಿನ ಜೊತೆಗೆ ಕೆಲಸದ ಚಿಂತೆಯೂ ಇನ್ನೊಬ್ಬರ ತಲೆಗೆ ಹೋಯಿತಲ್ಲ ಎಂಬ ನೆಮ್ಮದಿ ಅದು. ಇದರಲ್ಲಿ ತಪ್ಪೇನೂ ಇಲ್ಲ. ಎಲ್ಲವನ್ನೂ ನಾವೇ ಮಾಡುತ್ತ ಕೂತರೆ ಸಂಸಾರ ಸಾಗುವುದಿಲ್ಲ. ಕೆಲಸ ಬಲ್ಲವರಿಗೂ ನಾಲ್ಕು ಕಾಸು ಸಿಗಬೇಕು.

ಆದರೆ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದಾಗ, ಆ ಕೆಲಸದಲ್ಲಿ ಆಗಬಹುದಾದ ಕೇಡಿನ ಹೊಣೆಯೂ ಅದರ ಬೆನ್ನಿಗೇ ಹೊರಟುಹೋಗುತ್ತದೆಯೆ? ಕೈ ಅವರದು, ಕೆಲಸ ನಮ್ಮದು. ಆ ಕೈಗೆ ಗಾಯವಾದರೆ ಗಾಯ ಯಾರದು?

ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ಕಂಪನಿಗಳು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ಈಗ ಹೆಸರಾಂತ ಕಂಪನಿಗಳಲ್ಲಿ ಬಹಳಷ್ಟು ತಮ್ಮ ಸಾಮಾನನ್ನು ತಾವೇ ತಯಾರಿಸುವುದಿಲ್ಲ. ಅಂಗಿಯ ಮೇಲೆ ಹೆಸರು ಅವರದಿರುತ್ತದೆ, ಹೊಲಿಗೆ ಇನ್ನೊಬ್ಬರದು, ಗುಂಡಿ ಮತ್ತೊಬ್ಬರದು, ಬಣ್ಣ ಮಗದೊಬ್ಬರದು. ಹೀಗೆ ಸರಕು ಒದಗಿಸುವವರಿಗೂ ಗುತ್ತಿಗೆದಾರರಿಗೂ ಕಂಪನಿಯಿಂದ ಒಂದು ಪುಸ್ತಿಕೆ ಬರುತ್ತದೆ. ಕಾರ್ಖಾನೆಯ ತುರ್ತು ಬಾಗಿಲಿಗೆ ಬೀಗ ಹಾಕಬಾರದು, ಯಂತ್ರಗಳಿಗೆ ರಕ್ಷಣೆಯ ಮರೆ ಇರಬೇಕು, ರಾಸಾಯನಿಕ ಮುಟ್ಟುವವರಿಗೆ ಕೈಗವಸು ಕೊಡಬೇಕು, ಕೊಳಕು ನೀರನ್ನು ಶುದ್ಧಗೊಳಿಸದೆ ಹೊರಗೆ ಬಿಡಬಾರದು. ಓದಿದರೆ ಯಾರೂ ಬೇಡವೆನ್ನಲಾರದಂಥ ಮಾತುಗಳು. ಇವಕ್ಕೆ ಅವರು ಇಟ್ಟ ಹೆಸರು ‘ನಿರೀಕ್ಷೆಗಳು’.

ನಿರೀಕ್ಷೆ ಎಂಬ ಈ ಶಬ್ದದ ಪರಿಚಯ ನಮಗೆ, ಹೆಂಗಸರಿಗೆ, ಚೆನ್ನಾಗಿಯೇ ಇದೆ. ಮನೆ ಚೊಕ್ಕಟವಾಗಿರಬೇಕೆಂಬ ನಿರೀಕ್ಷೆ, ಹೊತ್ತಿಗೆ ಸರಿಯಾಗಿ ಅಡಿಗೆಯಾಗಬೇಕೆಂಬ ನಿರೀಕ್ಷೆ, ಬಂದ ನೆಂಟರು ಹೊಟ್ಟೆ ತುಂಬ ಉಂಡು ಹೋಗಬೇಕೆಂಬ ನಿರೀಕ್ಷೆ. ಐದು ಜನಕ್ಕೆ ಆಗುವಷ್ಟು ಅಕ್ಕಿ ತಂದುಹಾಕಿ ಹದಿನೈದು ಜನಕ್ಕೆ ಬಡಿಸು ಎನ್ನುವ ಯಜಮಾನನಿಗೂ ನಿರೀಕ್ಷೆಯೇನೋ ಇರುತ್ತದೆ. ಊಟ ಕಡಿಮೆಬಿದ್ದರೆ ಅಪವಾದ ಮಾತ್ರ ಅಡಿಗೆಮನೆಯಲ್ಲಿದ್ದವಳಿಗೆ. ನಿರೀಕ್ಷೆ ಇಟ್ಟುಕೊಳ್ಳಲು ಖರ್ಚಿಲ್ಲ. ಅದನ್ನು ನಡೆಸಿಕೊಡಲು ಖರ್ಚಿದೆ. ಆ ಖರ್ಚು ಯಾರ ಗಂಟಿನಿಂದ ಎಂದು ಕೇಳಿದಾಗಲೇ ನಿರೀಕ್ಷೆಯ ಬಂಡವಾಳ ಬಯಲಾಗುವುದು.

ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಏಳೆಂಟು ವರ್ಷ ದುಡಿದು ಬಂದ ಹೆಣ್ಣುಮಗಳೊಬ್ಬಳು ನನಗೆ ಸೂಜಿಯ ಕತೆ ಹೇಳಿದಳು. ಹೊಲಿಗೆ ಯಂತ್ರದ ಸೂಜಿಯ ಮುಂದೆ ಬೆರಳು ಸಿಕ್ಕಿಕೊಳ್ಳದ ಹಾಗೆ ಒಂದು ತಂತಿಯ ಮರೆ ಇರುತ್ತದಂತೆ. ಮೇಲುಗಡೆ ಕಣ್ಣಿಗೆ ಚೂರು ಹಾರದಿರಲೆಂದು ಇನ್ನೊಂದು ಪಾರದರ್ಶಕ ಮರೆ. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಇರುವುದರಿಂದ ಈ ಮರೆಗಳು ಕೈಗೆ ಅಡ್ಡ ಬರುತ್ತವೆ. ಹಾಗಾಗಿ ಅವು ಹೆಚ್ಚಿನ ಹೊತ್ತು ಮೇಲಕ್ಕೆತ್ತಿಯೇ ಇರುತ್ತವೆ. ನೋಡಿಯೂ ಯಾರೂ ಬೈಯುವುದಿಲ್ಲ. ‘ನಾಳೆ ವಿಸಿಟ್ ಇದೆ’ ಎಂದು ಹಿಂದಿನ ದಿನ ಸೂಪರ್‌ವೈಸರ್ ಕೂಗಿಕೊಂಡು ಹೋದರೆ ಮರುದಿನ ಮರೆಗಳೆಲ್ಲ ಕೆಳಗಿಳಿಯುತ್ತವೆ, ಮುಖಕ್ಕೆ ಮಾಸ್ಕ್ ಬರುತ್ತದೆ, ಬಾಗಿಲ ಬಳಿ ಪೇರಿಸಿಟ್ಟ ಪೆಟ್ಟಿಗೆಗಳು ಮಾಯವಾಗುತ್ತವೆ. ವಿದೇಶದ ಗಿರಾಕಿಯ ಕಡೆಯವರು ಬಂದು, ನೋಡಿ, ಬರೆದುಕೊಂಡು ಹೋಗುತ್ತಾರೆ.

ಕತೆ ಇಷ್ಟೇ ಆಗಿದ್ದರೆ ‘ಎಲ್ಲ ಕಡೆ ಇದ್ದದ್ದೇ’ ಎಂದು ನಾನು ಮರೆತುಬಿಡುತ್ತಿದ್ದೆ. ಆದರೆ ಅವಳು ಇನ್ನೊಂದು ಸಂಗತಿ ಹೇಳಿದಳು. ಯಂತ್ರದ ಸೂಜಿ ಮುರಿದರೆ ಅದರ ಪ್ರತಿ ಚೂರನ್ನೂ ಹುಡುಕಿ ತೆಗೆದು, ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿ, ದಿನಾಂಕ, ಯಂತ್ರದ ನಂಬರು ಬರೆದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದೆ ಹೋದರೆ ಸುತ್ತಲಿನ ಬಟ್ಟೆಯನ್ನೆಲ್ಲ ತೆಗೆದಿರಿಸಿ, ಲೋಹ ಪತ್ತೆ ಮಾಡುವ ಯಂತ್ರದಲ್ಲಿ ಹಾಯಿಸಿ ನೋಡಬೇಕು. ಇದರಲ್ಲಿ ಟಾರ್ಗೆಟ್ಟಿನ ಮಾತೇ ಇಲ್ಲ. ವಿಸಿಟ್ ಇರಲಿ ಬಿಡಲಿ, ಹಗಲಿರಲಿ ರಾತ್ರಿಯಿರಲಿ, ಸೂಜಿಯ ಲೆಕ್ಕ ತಪ್ಪುವಂತಿಲ್ಲ. ಏಕೆಂದರೆ ಆ ಚೂರು ಬಟ್ಟೆಯೊಳಗೆ ಉಳಿದರೆ ದೂರದ ದೇಶದಲ್ಲಿ ಯಾವುದೋ ಮಗುವಿನ ಮೈಗೆ ಚುಚ್ಚುತ್ತದೆ. ಸರಕೆಲ್ಲ ಹಿಂದಕ್ಕೆ ಬರುತ್ತದೆ.

ಮಗುವಿನ ಮೈಗೆ ಸೂಜಿ ಚುಚ್ಚಬಾರದು, ನಿಜ. ಈ ನಿಯಮ ಇರಲೇಬೇಕು. ನನಗೆ ಆಶ್ಚರ್ಯವಾದದ್ದು ಬೇರೆಯದಕ್ಕೆ. ಗಿರಾಕಿ ಮನಸ್ಸಿಟ್ಟರೆ ಏಳು ಸಮುದ್ರದಾಚೆಯಿಂದಲೇ ಒಂದು ನಿಯಮವನ್ನು ಕಾರ್ಖಾನೆಯ ಕೊನೆಯ ಸಾಲಿನ ಕೊನೆಯ ಯಂತ್ರದವರೆಗೆ ನಡೆಸಬಲ್ಲ ಎಂದಾಯಿತಲ್ಲ! ಹಾಗಾದರೆ ‘ಅಷ್ಟು ದೂರದಲ್ಲಿ ಏನು ನಡೆಯುತ್ತದೆಂದು ನಮಗೆ ಹೇಗೆ ಗೊತ್ತಾಗಬೇಕು?’ ಎಂಬ ಮಾತಿಗೆ ಬೆಲೆ ಎಲ್ಲಿ ಉಳಿಯಿತು? ಒಂದೇ ಯಂತ್ರದಲ್ಲಿ ಒಂದೇ ಸೂಜಿಗೆ ಎರಡು ನಿಯಮಗಳಿವೆ. ತೊಡುವವರ ಮೈಗಾಗಿ ಇರುವ ನಿಯಮ ದಿನವೂ ನಡೆಯುತ್ತದೆ. ಹೊಲಿಯುವವಳ ಬೆರಳಿಗಾಗಿ ಇರುವ ನಿಯಮ ವಿಸಿಟ್ಟಿನ ದಿನ ನಡೆಯುತ್ತದೆ. ಮೊದಲನೆಯದು ತಪ್ಪಿದರೆ ಗಿರಾಕಿಗೆ ನಷ್ಟ, ಎರಡನೆಯದು ತಪ್ಪಿದರೆ ಅವನಿಗೆ ಏನೂ ಆಗುವುದಿಲ್ಲ.

ಬೆರಳಿಗೆ ಗಾಯವಾಗುವುದು ಚಿಕ್ಕ ಮಾತು ಎನ್ನುವವರು ಕರಾಚಿಯ ಕತೆ ಕೇಳಬೇಕು. 2012ರ ಸೆಪ್ಟೆಂಬರ್ 11ರಂದು ಅಲ್ಲಿನ ಬಲ್ದಿಯಾ ಎಂಬಲ್ಲಿದ್ದ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಕಬ್ಬಿಣದ ಸರಳು, ಹೊರಹೋಗುವ ದಾರಿಗಳು ಮುಚ್ಚಿದ್ದವು. ಆ ಕಾರ್ಖಾನೆಗೆ ಕೆಲವೇ ವಾರಗಳ ಹಿಂದೆ, ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುವ ಕಾರ್ಖಾನೆಯೆಂದು ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು! ಹಣ ಕೀಳಲು ಬಂದವರು ಬೇಕೆಂದೇ ಬೆಂಕಿ ಹಚ್ಚಿದರೆಂದು 2020ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಇರಬಹುದು. ಆದರೆ ಕಿಟಕಿಯ ಸರಳುಗಳನ್ನು ಹಾಕಿಸಿದವರು ಬೆಂಕಿ ಹಚ್ಚಿದವರಲ್ಲವಲ್ಲ. ಆ ಕಾರ್ಖಾನೆಯ ಮುಖ್ಯ ಗಿರಾಕಿ ಜರ್ಮನಿಯ ಅಗ್ಗದ ಬಟ್ಟೆ ಅಂಗಡಿಗಳ ಒಂದು ಸಂಸ್ಥೆ. ಸತ್ತವರ ಕಡೆಯವರು ಜರ್ಮನಿಯ ಡಾರ್ಟ್‌ಮುಂಡ್ ನ್ಯಾಯಾಲಯದವರೆಗೂ ಹೋದರು. ಅವಧಿ ಮೀರಿದೆಯೆಂದು 2019ರಲ್ಲಿ ಮೊಕದ್ದಮೆ ವಜಾ ಆಯಿತು. ಹೊಣೆ ಇದೆಯೋ ಇಲ್ಲವೋ ಎಂಬ ಮೂಲ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ಮರು ವರ್ಷ, 2013ರ ಏಪ್ರಿಲ್ 24ರಂದು, ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿಯಿತು. ಅದರಲ್ಲಿ ಐದು ಬಟ್ಟೆ ಕಾರ್ಖಾನೆಗಳಿದ್ದವು. ಸತ್ತವರು 1,134 ಜನ, ಅವರಲ್ಲಿ ಹೆಚ್ಚಿನವರು ಹೆಂಗಸರು. ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಕಾಣಿಸಿತ್ತು. ಕೆಳಗಿದ್ದ ಬ್ಯಾಂಕಿನವರು, ಅಂಗಡಿಯವರು ಮುಚ್ಚಿ ಹೋದರು. ಹೊಲಿಯುವ ಹೆಂಗಸರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕಳಿಸಲಾಯಿತು. ಬಿರುಕು ಎಲ್ಲರಿಗೂ ಒಂದೇ ಆಗಿತ್ತು. ಬರುವುದಿಲ್ಲ ಎನ್ನುವ ಶಕ್ತಿ ಬ್ಯಾಂಕಿನವರಿಗಿತ್ತು, ಇವರಿಗಿರಲಿಲ್ಲ. ಹೇಳಿದ ದಿನಕ್ಕೆ ಸರಕು ಹಡಗು ಹತ್ತದಿದ್ದರೆ ಮಾಲೀಕನಿಗೆ ದಂಡ. ಕೆಲಸಕ್ಕೆ ಹೋಗದಿದ್ದರೆ ಹೆಂಗಸರಿಗೆ ಸಂಬಳ ಕೈತಪ್ಪುವ ಹೆದರಿಕೆ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆ ಬರುತ್ತದೆ. ಬಿರುಕು ಬಿಟ್ಟ ಕಟ್ಟಡದೊಳಗೆ ಕಳಿಸಿದವನು ಅಲ್ಲಿನ ಮಾಲೀಕ. ಅವನ ತಪ್ಪನ್ನು ಸಾವಿರಾರು ಮೈಲಿ ದೂರದ ಅಂಗಡಿಯವನ ತಲೆಗೆ ಕಟ್ಟುವುದು ಸರಿಯೆ? ಹೀಗೆ ಹೊಣೆಯನ್ನು ಹಂಚುತ್ತ ಹೋದರೆ ಕೊನೆಗೆ ನಿಜವಾದ ತಪ್ಪಿತಸ್ಥ ತಪ್ಪಿಸಿಕೊಳ್ಳುವುದಿಲ್ಲವೆ?

ತಪ್ಪು ಮತ್ತು ಹೊಣೆ ಇವೆರಡನ್ನೂ ನಾವು ಒಂದೇ ಎಂದುಕೊಳ್ಳುವುದರಿಂದ ಈ ತೊಡಕು. ನಮ್ಮ ಹಿತ್ತಿಲ ಬಾವಿಗೆ ಕಟ್ಟೆ ಇಲ್ಲ, ಪಕ್ಕದ ಮನೆಯ ಮಗು ಆಡುತ್ತ ಬಂದು ಬಿತ್ತು ಎನ್ನಿ. ನಾವು ಮಗುವನ್ನು ದೂಡಲಿಲ್ಲ. ನಮ್ಮದು ಕೊಲೆಗಾರರ ತಪ್ಪಲ್ಲ. ಆದರೂ ಹೊಣೆ ನಮ್ಮದಲ್ಲ ಎಂದು ಆ ತಾಯಿಯ ಎದುರು ನಿಂತು ಹೇಳಲು ಯಾರಿಗೆ ನಾಲಿಗೆ ಬಂದೀತು? ಕಟ್ಟೆ ಕಟ್ಟಿಸುವ ಶಕ್ತಿ ನಮ್ಮ ಕೈಯಲ್ಲಿತ್ತು, ಬಾವಿಯ ನೀರಿನ ಸುಖ ನಮ್ಮದಾಗಿತ್ತು, ಮಕ್ಕಳು ಅಲ್ಲಿ ಆಡುತ್ತಾರೆಂದು ಗೊತ್ತಿತ್ತು. ಶಕ್ತಿ, ಲಾಭ, ತಿಳಿವಳಿಕೆ ಈ ಮೂರೂ ಎಲ್ಲಿ ಕೂಡುತ್ತವೋ ಅಲ್ಲಿ ಹೊಣೆಯೂ ಕೂಡುತ್ತದೆ. ಇನ್ನು, ಹಂಚಿದರೆ ಕಡಿಮೆಯಾಗುವುದು ಲಾಡು. ಹೊಣೆ ಹಾಗಲ್ಲ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲನೆಯದು ಆರುವುದಿಲ್ಲ. ದೂರದ ಗಿರಾಕಿ ಹೊಣೆಗಾರನಾದ ಮಾತ್ರಕ್ಕೆ ಹತ್ತಿರದ ಮಾಲೀಕನ ಹೊಣೆ ಕೂದಲಷ್ಟೂ ಕಡಿಮೆಯಾಗುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಅದು ದುಡಿಯುವ ಹೆಂಗಸರ ಬಾಯಿಂದಲೇ ಬರುತ್ತದೆ. ‘ನೀವು ನಿಯಮ ಎಂದು ಕೂಗಿದರೆ ಗಿರಾಕಿ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗುತ್ತಾನೆ. ಆಮೇಲೆ ನಮಗೆ ಅನ್ನ ಕೊಡುವವರು ಯಾರು?’ ಇದಕ್ಕೆ ಉಪದೇಶದಲ್ಲಿ ಉತ್ತರವಿಲ್ಲ. ಆದರೆ ರಾಣಾ ಪ್ಲಾಜಾ ಬಿದ್ದ ಮೇಲೆ ಒಂದು ದಾರಿಯನ್ನು ಹುಡುಕಿದ್ದುಂಟು. 2013ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಗಳು ಮತ್ತು ವಿದೇಶಿ ಬಟ್ಟೆ ಕಂಪನಿಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದು ನಿರೀಕ್ಷೆಯ ಪುಸ್ತಿಕೆಯಾಗಿರಲಿಲ್ಲ, ಕಾನೂನಿನಂತೆ ಕಟ್ಟುಪಡಿಸುವ ಕರಾರಾಗಿತ್ತು. ಕಾಲಾಂತರದಲ್ಲಿ 200ಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು. ಸ್ವತಂತ್ರ ಎಂಜಿನಿಯರುಗಳು ಕಟ್ಟಡಗಳನ್ನು ನೋಡಬೇಕು, ಕಂಡದ್ದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ರಿಪೇರಿಗಾಗಿ ಕಾರ್ಖಾನೆ ಮುಚ್ಚಿದರೆ ಕೆಲಸಗಾರರ ಸಂಬಳ ನಿಲ್ಲಬಾರದು. ರಿಪೇರಿಯ ಖರ್ಚು ಮಾಲೀಕನ ಕೈಲಾಗುವಂತೆ ಗಿರಾಕಿ ಕಂಪನಿಗಳು ವ್ಯಾಪಾರದ ಷರತ್ತುಗಳನ್ನು ಒಪ್ಪಬೇಕು. ಅಪಾಯ ಕಂಡರೆ ಒಳಗೆ ಹೋಗುವುದಿಲ್ಲ ಎನ್ನುವ ಹಕ್ಕು ಕೆಲಸಗಾರರಿಗಿರಬೇಕು. ಏಪ್ರಿಲ್ 24ರ ಬೆಳಿಗ್ಗೆ ಆ ಹೆಂಗಸರಿಗೆ ಇಲ್ಲದಿದ್ದದ್ದು ಈ ಕೊನೆಯದೇ. ಈ ಒಪ್ಪಂದದಿಂದ ಲೋಕವೆಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ಕಂಪನಿಯೂ ಖರ್ಚಿನಲ್ಲಿ ಪಾಲು ಕೊಡಲು ಒಪ್ಪಿದಾಗ ಸಾವಿರಾರು ಬಾಗಿಲುಗಳ ಬೀಗ ತೆಗೆಯುವುದು ಸಾಧ್ಯವಾಯಿತು.

ಇದು ಪರದೇಶದ ವಿಷಯವೆಂದು ಪಕ್ಕಕ್ಕಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಗಂಡಸರು, ಮಕ್ಕಳು ಹಾಕುವ ಬನಿಯನ್ನು ಹೆಚ್ಚಾಗಿ ತಿರುಪ್ಪೂರಿನದು. ಅಲ್ಲಿ ಹೆಣೆಯುವವರು ಬೇರೆ, ಬಣ್ಣ ಹಾಕುವವರು ಬೇರೆ. ಬಣ್ಣದ ಕೆಲಸವನ್ನು ಹೊರಗೆ ಕೊಟ್ಟ ಮೇಲೆ ಬಣ್ಣದ ನೀರಿನ ಲೆಕ್ಕವೂ ಹೊರಗೇ ಹೋಯಿತು. ಆ ನೀರು ನೊಯ್ಯಲ್ ನದಿಗೆ ಹರಿಯಿತು. ಗದ್ದೆಗೆ ನೀರುಣಿಸಲೆಂದು ಒರತ್ತುಪಾಳಯಂನಲ್ಲಿ ಕಟ್ಟಿದ ಅಣೆಕಟ್ಟು ಬಣ್ಣದ ಕೊಳಕು ನೀರಿನ ಕೊಳವಾಯಿತು. ಕೆಳಗಿನ ರೈತರ ಬಾವಿಗಳು ಕೆಟ್ಟವು. ರೈತರು ವರ್ಷಾನುಗಟ್ಟಲೆ ನ್ಯಾಯಾಲಯಕ್ಕೆ ಅಲೆದ ಮೇಲೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹೊರಗೆ ಒಂದು ಹನಿಯನ್ನೂ ಬಿಡದಂತೆ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುವ ವ್ಯವಸ್ಥೆ ಮಾಡಿಕೊಂಡವರಿಗಷ್ಟೇ ಮತ್ತೆ ಬಾಗಿಲು ತೆರೆಯಲು ಅವಕಾಶ. ಆ ವ್ಯವಸ್ಥೆಗೆ ಬಹಳ ಹಣ ಬೇಕು. ಅಗ್ಗದ ಬನಿಯನ್ನಿನ ಬೆಲೆಯಲ್ಲಿ ಸೇರದಿದ್ದ ಆ ಹಣವನ್ನು ಅಷ್ಟು ವರ್ಷ ಕೊಟ್ಟವರು ನೊಯ್ಯಲ್ ದಂಡೆಯ ರೈತರು.

ನಮ್ಮ ಕರಾವಳಿಯಲ್ಲಿ ಕಾರ್ಖಾನೆ ಮನೆಯೊಳಗೇ ಬಂದು ಕೂತದ್ದುಂಟು. ಬೀಡಿ ಕಟ್ಟುವ ಹೆಂಗಸರನ್ನು ನೋಡಿದವರಿಗೆ ಆ ಚಿತ್ರ ಪರಿಚಿತ. ತೊಡೆಯ ಮೇಲೆ ಮೊರ, ಅದರಲ್ಲಿ ತಂಬಾಕಿನ ಹುಡಿ, ಪಕ್ಕದಲ್ಲಿ ಎಲೆಯ ಕಟ್ಟು, ಸೆರಗು ಹಿಡಿದ ಮಗು. ಹುಡಿ ಮೂಗಿಗೆ ಹೋಗುತ್ತದೆ, ತಂಬಾಕಿನ ಸಾರ ಬೆರಳಿನ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಂಡೊಯ್ದರೆ ಅಲ್ಲಿರುವವನು ಗುತ್ತಿಗೆದಾರ. ಬೀಡಿಯ ಲೇಬಲ್ಲಿನ ಮೇಲೆ ಹೆಸರಿರುವ ಮಾಲೀಕ ಕಣ್ಣಿಗೇ ಬೀಳುವುದಿಲ್ಲ. ‘ಇವರು ನಮ್ಮ ಕೆಲಸಗಾರರೇ ಅಲ್ಲ, ತಮ್ಮ ಮನೆಯಲ್ಲಿ ಕೂತು ಗುತ್ತಿಗೆದಾರನಿಗೆ ಕಟ್ಟಿಕೊಡುವವರು’ ಎಂಬ ವಾದವನ್ನು ಹೂಡಲಾಯಿತು. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆಯನ್ನು ಪ್ರಶ್ನಿಸಿದ ಮೊಕದ್ದಮೆಗಳು ಸುಪ್ರೀಂ ಕೋರ್ಟಿಗೆ ಹೋದವು; 1974ರ ಆ ತೀರ್ಪು ಮಂಗಳೂರಿನ ಬೀಡಿ ಸಂಸ್ಥೆಯೊಂದರ ಹೆಸರಿನಲ್ಲೇ ಇದೆ. ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಮಧ್ಯೆ ಗುತ್ತಿಗೆದಾರನಿದ್ದರೂ, ಕೆಲಸ ನಡೆಯುವುದು ಮನೆಯಲ್ಲೇ ಆದರೂ, ಮೂಲ ಮಾಲೀಕನ ಹೊಣೆ ಹಾಗೆಯೇ ಉಳಿಯುತ್ತದೆಂದಾಯಿತು.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೂ ಇದೇ ಮಾತನ್ನು ಹೇಳಿತ್ತು. ಕುಡಿಯುವ ನೀರು, ಕಕ್ಕಸು, ಪ್ರಥಮ ಚಿಕಿತ್ಸೆಯನ್ನು ಗುತ್ತಿಗೆದಾರ ಒದಗಿಸದಿದ್ದರೆ ಮೂಲ ಮಾಲೀಕನೇ ಒದಗಿಸಬೇಕು, ಖರ್ಚನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂದು. ನನಗೆ ಈ ಕ್ರಮ ಬಹಳ ಹಿಡಿಸಿತು. ಬಾಯಾರಿದವಳಿಗೆ ಮೊದಲು ನೀರು, ಆಮೇಲೆ ನಿಮ್ಮ ನಿಮ್ಮ ಲೆಕ್ಕ. ಆದರೆ ಅದು 20 ಮತ್ತು ಹೆಚ್ಚು ಜನ ಇದ್ದಲ್ಲಿಗೆ ಮಾತ್ರ ಅನ್ವಯಿಸುತ್ತಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆ ಆ ಸಂಖ್ಯೆಯನ್ನು 50ಕ್ಕೆ ಏರಿಸಿತು. ನಲವತ್ತೊಂಬತ್ತು ಜನರ ಬಾಯಾರಿಕೆ ಐವತ್ತು ಜನರ ಬಾಯಾರಿಕೆಗಿಂತ ಬೇರೆಯೆ?

ಮನೆ ನಡೆಸುವವರಿಗೂ ಕಾನೂನಿನ ಒಂದು ಮಾತು ನೇರವಾಗಿ ಅನ್ವಯಿಸುತ್ತದೆ. ಊರುಗಳಲ್ಲಿ ಎಲ್ಲ ಮನೆಗೂ ಒಳಚರಂಡಿ ಇಲ್ಲ. ಶೌಚದ ಗುಂಡಿಗಳೇ ಹೆಚ್ಚು. ಗುಂಡಿ ತುಂಬಿದಾಗ ‘ಯಾರಿಗಾದರೂ ಹೇಳಿ ಮಾಡಿಸಿ’ ಎನ್ನುತ್ತೇವೆ. 2013ರ ಕಾಯ್ದೆಯ ಪ್ರಕಾರ, ರಕ್ಷಣೆಯ ಸಾಧನವಿಲ್ಲದೆ ಮನುಷ್ಯನನ್ನು ಅಂಥ ಗುಂಡಿಗೆ ಇಳಿಸುವುದು ಅಪರಾಧ. ನೇರವಾಗಿಯೇ ಆಗಲಿ, ಪರೋಕ್ಷವಾಗಿಯೇ ಆಗಲಿ ಯಾರೂ ಇಳಿಸಬಾರದು ಎಂದಿದೆ ಅದರಲ್ಲಿ. ‘ಪರೋಕ್ಷವಾಗಿ’ ಎಂಬ ಆ ಒಂದು ಶಬ್ದ ‘ಗುತ್ತಿಗೆಗೆ ಕೊಟ್ಟಿದ್ದೆವು’ ಎಂಬ ನೆಪದ ಬಾಯಿ ಮುಚ್ಚಿಸುತ್ತದೆ. ಗುಂಡಿಯೊಳಗಿನ ಗಾಳಿಯ ಗುಣ ಎಲ್ಲರಿಗೂ ತಿಳಿದಿರಬೇಕು. ಕೊಳೆತ ಮೊಟ್ಟೆಯ ವಾಸನೆಯ ಆ ವಿಷಗಾಳಿ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವನು ಕ್ಷಣದಲ್ಲಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ; ಅವನು ಹೆಚ್ಚಾಗಿ ಮೊದಲನೆಯವನ ಅಣ್ಣನೋ ಮಗನೋ ಆಗಿರುತ್ತಾನೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಂತ್ರದ ಗಾಡಿ ತರಿಸಿದರೆ ಹೆಚ್ಚು ಹಣ, ಒಬ್ಬ ಮನುಷ್ಯನನ್ನು ಕರೆಸಿದರೆ ಕಡಿಮೆ ಎಂದು ಲೆಕ್ಕ ಹಾಕುವವರು ಈ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಹಾಗೆಂದು ನಾವು ಕೊಳ್ಳುವ ಪ್ರತಿ ಕುಪ್ಪಸದ ಹಿಂದೆ ಹೋಗಿ ಕಾರ್ಖಾನೆಯ ಬಾಗಿಲು ನೋಡಿ ಬರಲು ಸಾಧ್ಯವೆ? ಸಾಧ್ಯವಿಲ್ಲ. ಅಂಗಡಿಯಲ್ಲಿ ನಿಂತ ಗೃಹಿಣಿಗೂ ಸಾವಿರ ಕಾರ್ಖಾನೆಗಳಿಗೆ ಬೆಲೆ ಹೇಳುವ ಕಂಪನಿಗೂ ಒಂದೇ ಹೊಣೆಯೆಂದರೆ ಅದು ಅನ್ಯಾಯ. ಶಕ್ತಿ ಇದ್ದಷ್ಟೇ ಹೊಣೆ. ಆದರೆ ನಮ್ಮ ಅಂಗಳದಲ್ಲಿ ನಡೆಯುವ ಕೆಲಸಕ್ಕೆ ಮೂಲ ಮಾಲೀಕರು ನಾವೇ. ಅಲ್ಲಿ ನಮಗೆ ಶಕ್ತಿಯೂ ಇದೆ, ಲಾಭವೂ ಇದೆ, ಕಣ್ಣೆದುರೇ ಇರುವುದರಿಂದ ತಿಳಿವಳಿಕೆಯೂ ಇದೆ. ಎರಡನೆಯ ಮಹಡಿಯ ಸಜ್ಜದ ಮೇಲೆ ನಿಂತು ಕಿಟಕಿಯ ಗಾಜು ಒರೆಸುವ ಕೆಲಸದವಳು, ಬೊಂಬಿಗೆ ಹಗ್ಗ ಬಿಗಿದ ಅಟ್ಟದ ಮೇಲೆ ನಿಂತು ಬಣ್ಣ ಬಳಿಯುವ ಹುಡುಗ, ಇವರೆಲ್ಲ ನಮ್ಮ ಕೆಲಸಕ್ಕಾಗಿಯೇ ಮೇಲೆ ಹತ್ತಿದವರು. ‘ಹುಷಾರಾಗಿ ಮಾಡಪ್ಪ’ ಎಂದು ಕೆಳಗಿನಿಂದ ಹೇಳುವುದು ಒಳ್ಳೆಯ ಮಾತೇ. ಆದರೆ ಅದೂ ಒಂದು ನಿರೀಕ್ಷೆ, ಖರ್ಚಿಲ್ಲದ್ದು.

ಖರ್ಚಿರುವ ಮಾತು ಬೇರೆ ತರಹ ಇರುತ್ತದೆ. ಅದನ್ನು ಕೆಲಸ ಶುರುವಾಗುವ ಮುಂಚೆ, ದರ ಮಾತಾಡುವಾಗಲೇ ಆಡಬೇಕಾಗುತ್ತದೆ. ‘ಸೊಂಟಕ್ಕೆ ಕಟ್ಟುವ ಬೆಲ್ಟು ಇದೆಯಾ? ಇಲ್ಲದಿದ್ದರೆ ಬಾಡಿಗೆಗೆ ಎಷ್ಟಾಗುತ್ತದೆ? ಅದನ್ನೂ ಸೇರಿಸಿ ಹೇಳಿ’ ಎಂದು ಮೇಸ್ತ್ರಿಯನ್ನು ಕೇಳಿದರೆ ಮೊದಲಿಗೆ ಅವನು ವಿಚಿತ್ರವಾಗಿ ನೋಡಬಹುದು. ಬಣ್ಣದ ಡಬ್ಬಿ ಯಾವ ಕಂಪನಿಯದು ಎಂದು ಹತ್ತು ಸಲ ಕೇಳುವ ಗಿರಾಕಿಗಳನ್ನು ಅವನು ಕಂಡಿದ್ದಾನೆ, ಬೆಲ್ಟಿನ ವಿಷಯ ಕೇಳುವವರನ್ನು ಕಂಡಿರುವುದಿಲ್ಲ. ಆದರೂ ಕೇಳಬೇಕು. ಅವನು ಹೇಳುವ ದರ ಆಗ ಸ್ವಲ್ಪ ಹೆಚ್ಚಾಗುತ್ತದೆ. ಆ ಹೆಚ್ಚಿನ ಹಣದ ಮೇಲೆ ಚೌಕಾಸಿ ಮಾಡದೆ ಇರುವುದು ನಮ್ಮ ಪಾಲಿನ ಹೊಣೆ.